ಕಲ್ಲು ತಣಿಯುವವರೆಗೆ

"ನಮಗೆ ಇರುವುದು ಇದೊಂದೇ ರಾತ್ರಿ," ಎಂದಳು ಪಶುವೈದ್ಯೆ ಡಾಕ್ಟರ್ ಯಶ್ಮಿತಾ. "ನಾಳೆ ಸಂಜೆವರೆಗೆ ಆ ಪ್ರಾಣಿ ಉಳಿಯುದಿಲ್ಲ."

ಒಮಾನಿನ ದುಕ್ಮ್ ಬಂದರಿನಿಂದ ನೂರು ಕಿಲೋಮೀಟರ್ ಒಳಗೆ, ಜಲ್ಲಿಕಲ್ಲಿನ ಬಯಲಲ್ಲಿ ಒಂಟಿಯಾಗಿ ನಿಂತಿದ್ದ ವನ್ಯಜೀವಿ ಇಲಾಖೆಯ ತಗಡಿನ ಕ್ಯಾಬಿನ್ ಅದು. ಮೇಜಿನ ಮೇಲೆ ಒಂದು ಫೋಟೊ ಇತ್ತು. ಹಾಲಿನಷ್ಟು ಬಿಳಿಯ ಮೈ, ಭರ್ಜಿಯಂತೆ ನೆಟ್ಟಗೆ ನಿಂತ ಎರಡು ಉದ್ದ ಕೊಂಬು: ಓರಿಕ್ಸ್, ಈ ಮರುಭೂಮಿಯ ಜಿಂಕೆ. ಫೋಟೊದಲ್ಲಿದ್ದ ಹೆಣ್ಣು ಓರಿಕ್ಸಿನ ಮೂತಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೂತಿತ್ತು. ಪೆಟ್ಟಿಗೆಗಳಿಗೆ ಸುತ್ತುವ ಕಪ್ಪು ಪಟ್ಟಿ. ಯಾವುದೋ ಲಾರಿಯಿಂದ ಹಾರಿ ಬಿದ್ದದ್ದು, ಮೇಯಲು ಬಾಯಿ ಹಾಕಿದಾಗ ಸಿಕ್ಕಿಕೊಂಡಿತ್ತು. ಬಾಯಿ ತೆರೆಯದೆ ಇವತ್ತಿಗೆ ನಾಲ್ಕು ದಿನ.

"ಹಗಲಲ್ಲೇ ಹಿಡಿಯಬಹುದಿತ್ತಲ್ಲ?" ಎಂದು ಕೇಳಿದ ಟೆರೆನ್ಸ್.

"ಹಗಲು ನಲವತ್ತೈದು ಡಿಗ್ರಿ. ಆ ಬಿಸಿಲಲ್ಲಿ ಮಂಪರು ಮದ್ದು ಕೊಟ್ರೆ ಮೈ ಕಾದು ಅಲ್ಲೇ ಸಾಯ್ತದೆ. ಮತ್ತೆ ಈ ಬಯಲಲ್ಲಿ ನಮ್ಮ ಗಾಡಿ ಎರಡು ಕಿಲೋಮೀಟರ್ ದೂರಕ್ಕೇ ಕಾಣ್ತದೆ. ಓಡ್ತದೆ. ಓಡಿದ್ರೂ ಸಾಯ್ತದೆ." ಅವಳು ಮೇಜಿನ ಮೇಲಿದ್ದ ಕಪ್ಪು ದೂರದರ್ಶಕವನ್ನು ಅವನ ಕಡೆ ತಳ್ಳಿದಳು. "ನಿನ್ನೆ ರಾತ್ರಿ ಇದ್ರಲ್ಲಿ ಎಂತ ಕಂಡದ್ದು ಗೊತ್ತುಂಟಾ ನಿಮಗೆ? ಬರೀ ಬಿಳಿ. ಇಡ್ಲಿ ಅಟ್ಟದ ಮುಚ್ಚಳ ತೆಗೆದ ಹಾಗೆ. ನಿಮ್ಮ ಮಾತು ಕೇಳಿ ತಗೊಂಡದ್ದು ಇದನ್ನು. ಈಗ ನೀವೇ ನೋಡಿ ಹುಡುಕಿ ಕೊಡಿ."

ಮುಖಕ್ಕೆ ಮಂಗಳಾರತಿ ಎತ್ತಿಸಿಕೊಳ್ಳುವುದಕ್ಕೇ ಟೆರೆನ್ಸ್ ಮಸ್ಕತ್‌ನಿಂದ ಆರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ.

ಶಿರ್ವದ ಟೆರೆನ್ಸ್ ಮಸ್ಕತ್‌ನ ಅಲ್ ಅಜೈಬಾದ ಒಂದು ಅಂಗಡಿಯಲ್ಲಿ ಹದಿನೇಳು ವರ್ಷದಿಂದ ದುರ್ಬೀನು, ಟೆಲಿಸ್ಕೋಪು, ಕ್ಯಾಂಪಿನ ದೀಪ ಮಾರುತ್ತಿದ್ದವನು. ಗಿರಾಕಿ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲ ಎಂದು ಅವನ ಬಾಯಿಂದ ಬಂದದ್ದೇ ಇಲ್ಲ. ಫೆಬ್ರವರಿಯಲ್ಲಿ ಯಶ್ಮಿತಾ ಅಂಗಡಿಗೆ ಬಂದು, "ರಾತ್ರಿ ಪ್ರಾಣಿ ಹುಡುಕಲಿಕ್ಕೆ ನೈಟ್ ವಿಷನ್ ಒಳ್ಳೆದಾ, ಥರ್ಮಲ್ ಒಳ್ಳೆದಾ? ನಮಗೆ ಎರಡರಲ್ಲಿ ಒಂದಕ್ಕೇ ಮಂಜೂರು," ಎಂದಾಗಲೂ ಅವನು ಎರಡನೇ ಸಲ ಯೋಚಿಸಲಿಲ್ಲ. ನೈಟ್ ವಿಷನ್ ಎಂದರೆ ಇರುವ ಚೂರು ಬೆಳಕನ್ನೇ ಹಿಗ್ಗಿಸಿ ತೋರಿಸುವಂಥದ್ದು. ಥರ್ಮಲ್‌ಗೆ ಬೆಳಕಿನ ಹಂಗೇ ಇಲ್ಲ, ಅದು ಕಾಣುವುದು ಶಾಖವನ್ನು. ಟೆರೆನ್ಸ್ ಅಂಗಡಿಯ ದೀಪ ಆರಿಸಿದ. ಕ್ಯಾಷಿಯರ್ ಶಿಹಾಬ್‌ನನ್ನು ಮಾರಲು ಇಟ್ಟ ಗುಡಾರಗಳ ಹಿಂದೆ ಬಗ್ಗಿಸಿ ನಿಲ್ಲಿಸಿದ. ಥರ್ಮಲ್‌ನಲ್ಲಿ ಶಿಹಾಬ್‌ನ ಬೋಳುತಲೆ ಹುಣ್ಣಿಮೆ ಚಂದ್ರನ ಹಾಗೆ ಬೆಳಗಿತು.

"ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಡಾಕ್ಟ್ರೇ," ಎಂದಿದ್ದ.

ಆ ದಿನ ಅಂಗಡಿಯ ಏಸಿ ಹತ್ತೊಂಬತ್ತರಲ್ಲಿತ್ತು. ಅದೊಂದು ವಿಷಯ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಅವಳ ಫೋನು ಬಂದ ಕೂಡಲೇ ಅವನು ತಿಂಡಿ ಬಿಟ್ಟು ಎದ್ದಿದ್ದ. ಮ್ಯಾನೇಜರ್ ಆಸ್ವಾಲ್ಡ್‌ನ ಹತ್ತಿರ ರಜೆ ಕೇಳಿ, ಶೋಕೇಸಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೇ ನೈಟ್ ವಿಷನ್ನನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಿದ್ದ. ತನ್ನ ಮಾತನ್ನು ನಂಬಿದ್ದಕ್ಕೆ ಒಂದು ಮೂಕಪ್ರಾಣಿ ಹಸಿದು ಸಾಯುವುದೆಂದರೆ ಅವನಿಗೆ ತಡೆಯಲಾಗಲಿಲ್ಲ.

ತಂಡದಲ್ಲಿ ಇನ್ನಿಬ್ಬರಿದ್ದರು. ಒಬ್ಬ ಸಂಕಪ್ಪ, ಬಂಟ್ವಾಳ ಕಡೆಯ ಡ್ರೈವರ್, ಇಪ್ಪತ್ತೆಂಟು ವರ್ಷದಿಂದ ಒಮಾನಿನ ರಸ್ತೆ ಮತ್ತು ರಸ್ತೆ ಇಲ್ಲದ ಕಡೆ ಎರಡರಲ್ಲೂ ಗಾಡಿ ಓಡಿಸಿದವನು. ಇನ್ನೊಬ್ಬ ಮುಸಲ್ಲಮ್, ಇದೇ ಬಯಲಲ್ಲಿ ಒಂಟೆ ಮೇಯಿಸಿ ಬೆಳೆದ ಹರಾಸಿಸ್ ಬುಡಕಟ್ಟಿನ ವನ್ಯಜೀವಿ ಕಾವಲುಗಾರ. ಅವನ ಅರಬಿ, ಸಂಕಪ್ಪನ ಹಿಂದಿ ಎರಡೂ ಬೆರೆತು ಅವರಿಬ್ಬರ ನಡುವೆ ಒಂದು ಭಾಷೆ ತಯಾರಾಗಿತ್ತು. ಅದು ಅವರಿಬ್ಬರಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು.

"ಮದ್ದಿನ ಸೂಜಿ ಒಂದೇ," ಎಂದು ಯಶ್ಮಿತಾ ಬಂದೂಕಿನ ಪೆಟ್ಟಿಗೆ ಮುಚ್ಚಿದಳು. "ಒಂದು ಪ್ರಾಣಿಗೆ ಆಗುವಷ್ಟೇ ಕೊಟ್ಟಿದ್ದಾರೆ. ತಪ್ಪಿದ್ರೆ ಖಲಾಸ್."

"ಯಲ್ಲಾ," ಎಂದು ಮುಸಲ್ಲಮ್ ಎದ್ದು ಹೊರಟ.

ರಾತ್ರಿ ಎಂಟಕ್ಕೆ ಲ್ಯಾಂಡ್ ಕ್ರೂಸರ್ ಹೊರಟಿತು. ಚಂದ್ರನಿಲ್ಲ. ದಾರಿ ಎಂಬುದಿಲ್ಲ. ಸಂಕಪ್ಪ ದೊಡ್ಡ ದೀಪ ಆರಿಸಿ, ಪಾರ್ಕಿಂಗ್ ದೀಪವೊಂದರಲ್ಲೇ ಓಡಿಸುತ್ತಿದ್ದ. ಜಿದ್ದಾ ಎಂದು ಕರೆಯುವ ಈ ಬಯಲು ಮಂಗಳೂರಿನಿಂದ ಬೆಂಗಳೂರಿಗೆ ಹೋಗುವಷ್ಟು ದೂರ ಚಪ್ಪಟೆಯಾಗಿ ಬಿದ್ದುಕೊಂಡಿದೆ. ಬೆಟ್ಟವಿಲ್ಲ, ತಿರುವಿಲ್ಲ, ಅಲ್ಲೊಂದು ಇಲ್ಲೊಂದು ಮುಳ್ಳುಮರ. ಆಕಾಶ ನಾಲ್ಕೂ ದಿಕ್ಕಲ್ಲಿ ನೆಲಕ್ಕೇ ಬಂದು ತಾಗಿತ್ತು. ಇಷ್ಟು ದೊಡ್ಡ ಕತ್ತಲನ್ನು ಟೆರೆನ್ಸ್ ಹುಟ್ಟಿದಂದಿನಿಂದ ನೋಡಿರಲಿಲ್ಲ.

ಅವನು ಥರ್ಮಲ್ಲನ್ನು ಕಣ್ಣಿಗಿಟ್ಟು ಗಾಡಿಯ ಮುಂದಿನ ಗಾಜಿನಿಂದ ಹೊರಗೆ ನೋಡಿದ. ಒಂದು ದುಂಡನೆಯ ಬಿಳಿ ಆಕಾರ!

"ನಿಲ್ಲಿಸಿ ಸಂಕಪ್ಪಣ್ಣ! ಎದುರಿಗೇ ಉಂಟು!"

ಗಾಡಿ ನಿಂತಿತು. ಆಕಾರವೂ ನಿಂತಿತು. ಟೆರೆನ್ಸ್ ತಲೆ ಅಲ್ಲಾಡಿಸಿದ. ಅದೂ ಅಲ್ಲಾಡಿಸಿತು.

"ಪೊರ್ಬುಗಳೇ," ಎಂದ ಸಂಕಪ್ಪ. ತುಳುನಾಡಿನವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ಅದು ನಿಮ್ಮದೇ ಮುಖ ಅಲ್ವಾ?"

ಹೌದು. ಥರ್ಮಲ್ ಗಾಜಿನಾಚೆ ನೋಡಲಾರದು, ಗಾಜು ಅದಕ್ಕೆ ಕನ್ನಡಿ. ಹದಿನೇಳು ವರ್ಷ ಮಾರಿದವನಿಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ಗಡಿಬಿಡಿಯಲ್ಲಿ ಮರೆತಿತ್ತು. ಯಶ್ಮಿತಾ ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೇ ಚೆನ್ನಾಗಿತ್ತು.

ಅವನು ಬಾಗಿಲು ತೆರೆದು ಕೆಳಗಿಳಿದ. ಕಣ್ಣಿಗಿಟ್ಟ. ಈಗ ಎಲ್ಲ ಬೂದಿ ಬಣ್ಣ. ಒರೆಸಿದ. ಮತ್ತೆ ಬೂದಿ.

"ಹಬೆ ಕೂತದ್ದು," ಎಂದ ಸಂಕಪ್ಪ. "ಏಸಿ ಗಾಡಿಯಿಂದ ಇಳಿದ ಕೂಡ್ಲೇ ನನ್ನ ಕನ್ನಡಕದ ಕತೆಯೂ ಇದೇ. ಇವತ್ತು ಸಮುದ್ರದ ಗಾಳಿ ಬೇರೆ ಉಂಟು."

ಐದು ನಿಮಿಷ ಕಾದರು. ಹಬೆ ಹೋಯಿತು. ಟೆರೆನ್ಸ್ ನೋಡಿದ. ನೋಡಿ, ಕೈ ಇಳಿಸಿದ.

ಬಯಲು ಹೊತ್ತಿ ಉರಿಯುತ್ತಿತ್ತು. ಹಗಲಿಡೀ ಬಿಸಿಲು ಕುಡಿದ ಕಲ್ಲು, ಜಲ್ಲಿ, ಮರದ ಬೊಡ್ಡೆ ಎಲ್ಲವೂ ಒಂದೇ ಸಮ ಬೆಳ್ಳಗೆ ಹೊಳೆಯುತ್ತಿದ್ದವು. ನೆಲಕ್ಕೂ ಪ್ರಾಣಿಗೂ ಮೈಬಿಸಿ ಒಂದೇ. ಇದರಲ್ಲಿ ಯಾವುದು ಕಲ್ಲು, ಯಾವುದು ಜೀವ?

ಆದರೂ ಬಿಡಲಿಲ್ಲ. ಒಂದು ಆಕಾರ ಹಿಡಿದು ಅರ್ಧ ಕಿಲೋಮೀಟರ್ ನಡೆದರು. ಬಂಡೆ. ಇನ್ನೊಂದಕ್ಕೆ ತೆವಳಿಕೊಂಡು ಹೋದರು. ಲಾರಿಯ ಹಳೇ ಟಯರು. ಮೂರನೆಯದು ಎದ್ದು ನಿಂತು, ಕತ್ತು ನೀಡಿ, ಗುರ್ ಎಂದು ಟೆರೆನ್ಸ್‌ನ ಮೇಲೆ ಉಗುಳಿತು. ಅದು ಮಲಗಿದ್ದ ಒಂಟೆ.

"ಜೀವ ಉಂಟಲ್ಲ, ಪರ್ವಾಗಿಲ್ಲ, ಸುಧಾರಿಸ್ತಾ ಇದ್ದೀರಿ," ಎಂದ ಸಂಕಪ್ಪ.

"ಈ ನೆಲವೇ ಸರಿಯಿಲ್ಲ, ಮಾರಾಯ್ರೇ!" ಎಂದ ಟೆರೆನ್ಸ್ ಅಂಗಿ ಒರೆಸಿಕೊಳ್ಳುತ್ತ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಯಶ್ಮಿತಾ. ಗಾಡಿ ಹೊರಟ ಮೇಲೆ ಮೊದಲ ಸಲ ಅವಳು ಬಾಯಿಬಿಟ್ಟಿದ್ದಳು. "ಅಂಗಡಿಯಲ್ಲಿ ಹೇಗೆ ಕಂಡಿತು ಹಾಗಾದ್ರೆ?"

ಟೆರೆನ್ಸ್ ಉತ್ತರ ಕೊಡಲು ಬಾಯಿ ತೆರೆದವನು ಹಾಗೇ ನಿಂತ. ಅಂಗಡಿ. ಹತ್ತೊಂಬತ್ತು ಡಿಗ್ರಿ. ತಣ್ಣಗಿನ ಗೋಡೆ, ತಣ್ಣಗಿನ ಗುಡಾರ, ಅದರ ನಡುವೆ ಶಿಹಾಬ್‌ನ ಬಿಸಿ ತಲೆ. ಅಲ್ಲಿ ಯಾರು ತಾನೇ ಕಾಣುವುದಿಲ್ಲ! ಮನೆ ಏಸಿ, ಕಾರು ಏಸಿ, ಅಂಗಡಿ ಏಸಿ, ಇಗರ್ಜಿಯೂ ಏಸಿ. ಹದಿನೇಳು ವರ್ಷ ಈ ದೇಶದಲ್ಲಿದ್ದು ಈ ದೇಶದ ನೆಲ ಎಷ್ಟು ಬಿಸಿ ಎಂದು ಅವನು ಮುಟ್ಟಿಯೇ ನೋಡಿರಲಿಲ್ಲ.

"ತಪ್ಪು ನನ್ನದೇ, ಡಾಕ್ಟ್ರೇ," ಎಂದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ನಡೆದದ್ದನ್ನು ಹೇಳಿದ.

ಮುಸಲ್ಲಮ್‌ಗೆ ಸಂಕಪ್ಪ ಅದನ್ನು ತಮ್ಮ ಭಾಷೆಗೆ ತಿರುಗಿಸಿದ. ಮುಸಲ್ಲಮ್ ನಗಲಿಲ್ಲ. ಚಪ್ಪಲಿ ಕಳಚಿ ಬರಿಗಾಲನ್ನು ನೆಲಕ್ಕೆ ಊರಿದ. ಸ್ವಲ್ಪ ಹೊತ್ತು ಹಾಗೇ ನಿಂತು ಒಂದು ಮಾತು ಹೇಳಿದ.

"ಎಂತ ಹೇಳಿದ್ದು?" ಎಂದು ಕೇಳಿದ ಟೆರೆನ್ಸ್.

"ಕಲ್ಲು ಇನ್ನೂ ಎಚ್ಚರ ಉಂಟಂತೆ," ಎಂದ ಸಂಕಪ್ಪ. "ಅದು ನಿದ್ದೆ ಹೋದ ಮೇಲೆ ನೋಡು ಅಂತಾನೆ."

ಸಂಕಪ್ಪ ಗಾಡಿಯ ಏಸಿ ಬಂದ್ ಮಾಡಿ ಕಿಟಕಿಗಳನ್ನೆಲ್ಲ ಇಳಿಸಿದ. ಮತ್ತೆ ಹಬೆ ಕೂರದ ಹಾಗೆ ಹೊರಗಿನ ಗಾಳಿಗೇ ಇರಲಿ ಎಂದು ಟೆರೆನ್ಸ್ ಎರಡೂ ಯಂತ್ರಗಳನ್ನು ಬಟ್ಟೆಚೀಲಕ್ಕೆ ಹಾಕಿ ಗಾಡಿಯ ಹೊರಬದಿಯ ಕನ್ನಡಿಗೆ ಕಟ್ಟಿದ. ಬೆವರು ಸುರಿಸಿಕೊಂಡು ಮುಂದಕ್ಕೆ ಹೊರಟರು.

ಹತ್ತೂವರೆಗೆ ಒಂದು ಸಣ್ಣ ಬೆಂಕಿ ಕಂಡಿತು. ಮೇಕೆಗಳ ನಡುವೆ ಮುದುಕಿಯೊಬ್ಬಳು ಕೂತಿದ್ದಳು, ಮುಖಕ್ಕೆ ಕಪ್ಪು ಮುಸುಕು, ಕೈಯಲ್ಲಿ ಕೋಲು. ಮುಸಲ್ಲಮ್ ಗಾಡಿ ನಿಲ್ಲಿಸಲು ಹೇಳಿದ.

ಇಳಿದು ಅವಳಿಗೆ ದೂರದಿಂದಲೇ ಸಲಾಂ ಹೇಳಿ ಕುಳಿತ. ಆಮೇಲೆ ಮಾತು ಶುರುವಾಯಿತು. ಏನು ಸುದ್ದಿ? ಸುದ್ದಿ ಒಳ್ಳೆಯದೇ. ನಿನ್ನ ಸುದ್ದಿ? ಒಳ್ಳೆಯದೇ. ಮಳೆ ಎಲ್ಲಾದರೂ ಬಿತ್ತಾ? ಮೇಕೆ ಮರಿ ಹಾಕಿತಾ? ಯಾರ ಮದುವೆ? ಯಾರ ಒಂಟೆ ಕಳೆದಿದೆ? ಒಬ್ಬರು ಕೇಳುವುದು, ಒಬ್ಬರು ನಿಧಾನವಾಗಿ ಹೇಳುವುದು. ಐದು ನಿಮಿಷವಾಯಿತು. ಹತ್ತಾಯಿತು.

ಟೆರೆನ್ಸ್ ಗಡಿಯಾರ ಎತ್ತಿ ತೋರಿಸಿದ. ಮುಸಲ್ಲಮ್ ಆ ಕಡೆ ನೋಡಲೇ ಇಲ್ಲ.

"ಅಲ್ಲಿ ಪ್ರಾಣಿ ಸಾಯ್ತಾ ಉಂಟು, ಇಲ್ಲಿ ಮದುವೆ ಸುದ್ದಿಯಾ!"

"ಸುಮ್ಮನಿರಿ ಪೊರ್ಬುಗಳೇ," ಎಂದು ಸಂಕಪ್ಪ ಪಿಸುಗುಟ್ಟಿದ. "ಇವರಲ್ಲಿ ತನ್ನ ಕೆಲಸ ಮೊದಲು ಕೇಳ್ಬಾರ್ದು. ದೊಡ್ಡ ಸುದ್ದಿ ಯಾವಾಗ್ಲೂ ಕೊನೆಗೇ ಬರುದು."

ಬಂತು. ಮುದುಕಿ ಕೋಲಿನಿಂದ ಆಗ್ನೇಯಕ್ಕೆ ತೋರಿಸಿ ಏನೋ ಹೇಳಿದಳು. ಮುಸಲ್ಲಮ್ ಎದ್ದು ಬಂದ. ಯಶ್ಮಿತಾಗೆ ಅರಬಿ ಬರುತ್ತಿತ್ತು, ಅವಳೇ ಕನ್ನಡಕ್ಕೆ ತಿರುಗಿಸಿದಳು.

"ಸಂಜೆ ಎರಡು ಬಿಳೀದು ಹೋದದ್ದನ್ನು ನೋಡಿದ್ದಾರೆ. ಒಂದರ ತಲೆ ಕೆಳಗೆ ಇತ್ತಂತೆ. ಮೂರು ಮರದ ತಗ್ಗಿನ ಕಡೆ ಹೋಯ್ತಂತೆ. ಬೆಳಗಿನ ಜಾವ ಅಲ್ಲಿಗೆ ಸಮುದ್ರದ ಮಂಜು ಬರ್ತದೆ. ಅದರ ಹನಿ ನೆಕ್ಕಲಿಕ್ಕೆ ಹೋದದ್ದು ಅಂತ ಹೇಳಿದ್ರು." ಸ್ವಲ್ಪ ತಡೆದು ಹೇಳಿದಳು: "ಬಾಯಿ ಕಟ್ಟಿ ಹೋಗಿದೆ, ಆದ್ರೂ ಹೋಗಿದೆ ನೋಡಿ."

ಸಂಕಪ್ಪ ಗಾಡಿ ಸ್ಟಾರ್ಟ್ ಮಾಡಿದ.

ತಗ್ಗಿಗೆ ಎರಡು ಕಿಲೋಮೀಟರ್ ಇರುವಾಗಲೇ ಗಾಡಿ ನಿಲ್ಲಿಸಿದರು. ಆಗ ಗಂಟೆ ಹನ್ನೊಂದೂವರೆ. ಥರ್ಮಲ್‌ನಲ್ಲಿ ನೆಲ ಇನ್ನೂ ಬೆಳ್ಳಗೇ ಇತ್ತು. ಮಂಜು ನಾಲ್ಕಕ್ಕೆ ಬರುತ್ತದೆ, ಬಂದರೆ ಎರಡೂ ಯಂತ್ರ ಕುರುಡು. ಕಲ್ಲು ತಣಿಯುವುದಕ್ಕೂ ಮಂಜು ಬರುವುದಕ್ಕೂ ನಡುವೆ ಎಷ್ಟು ಸಮಯ ಸಿಗುತ್ತದೋ ಅಷ್ಟೇ ಇವರದು.

ಟೆರೆನ್ಸ್ ಸುಮ್ಮನೆ ಕೂರಲಿಲ್ಲ. ಹಳೇ ನೈಟ್ ವಿಷನ್ನನ್ನು ಮದ್ದಿನ ಬಂದೂಕಿನ ಮೇಲೆ ಕೂರಿಸಿ ತಿರುಪು ಬಿಗಿದ. ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆಯನ್ನು ನಲವತ್ತು ಹೆಜ್ಜೆ ದೂರದಲ್ಲಿಟ್ಟು, ಯಶ್ಮಿತಾ ಖಾಲಿ ಸೂಜಿ ಹೊಡೆದು ನೋಡಿದಳು. ಮೊದಲನೆಯದು ಒಂದು ಗೇಣು ಎಡಕ್ಕೆ ಹೋಯಿತು. ತಿರುಪು ತಿರುಗಿಸಿದ. ಮೂರನೆಯದು ನಡುವಿಗೇ ಬಿತ್ತು.

"ಇದ್ರಲ್ಲಿ ಕಾಲು, ಕೊಂಬು ಎಲ್ಲ ಕಾಣ್ತದೆ ಮಾರಾಯ್ರೇ," ಎಂದಳು. "ಇದನ್ನೇ ಯಾಕೆ ಕೊಡ್ಲಿಲ್ಲ ನೀವು?"

"ಇದ್ರಲ್ಲಿ ಬಿಳಿ ಜಿಂಕೆ, ಬಿಳಿ ಬಂಡೆ ಎರಡೂ ಒಂದೇ, ಡಾಕ್ಟ್ರೇ. ಮಲಗಿದ್ರಂತೂ ಸಿಗುದಿಲ್ಲ." ಸತ್ಯವನ್ನೇ ಹೇಳಿದ. ಆದರೆ ಈ ಸಲ ಹೇಳುವ ಮೊದಲು ಸುತ್ತಲಿನ ಬಂಡೆಗಳನ್ನೆಲ್ಲ ಅದರಲ್ಲಿ ನೋಡಿಬಿಟ್ಟಿದ್ದ.

ಹಾಗೆ ನೋಡುತ್ತ ನೋಡುತ್ತ ಅವನು ಬಂದೂಕಿನ ಮೂತಿಯನ್ನು ಸುಮ್ಮನೆ ಮೇಲಕ್ಕೆತ್ತಿದ್ದ.

ದೇವಾ!

ಬರಿಗಣ್ಣಿಗೆ ಹತ್ತು ನಕ್ಷತ್ರ ಕಾಣುವ ಜಾಗದಲ್ಲಿ ಸಾವಿರ ಇದ್ದವು. ನಕ್ಷತ್ರಗಳ ಹಿಂದೆ ನಕ್ಷತ್ರ, ಅದರ ಹಿಂದೆ ಹಿಟ್ಟು ಚೆಲ್ಲಿದ ಹಾಗೆ ಇನ್ನೂ ನಕ್ಷತ್ರ. ಒಂದು ಉಲ್ಕೆ ಗೀಚಿಕೊಂಡು ಹೋಯಿತು, ಮತ್ತೊಂದು ಹೋಯಿತು, ಯಾರಿಗೂ ಕಾಣದೆ ಇಡೀ ರಾತ್ರಿ ಹೀಗೇ ಬೀಳುತ್ತಿರುತ್ತವೆ ಎಂದು ಅವನಿಗೆ ಆಗ ಗೊತ್ತಾಯಿತು. ಅವನು ಬಂದೂಕನ್ನು ಸಂಕಪ್ಪನ ಕೈಗೆ ಕೊಟ್ಟ. ಸಂಕಪ್ಪ ತುಂಬಾ ಹೊತ್ತು ಇಳಿಸಲಿಲ್ಲ.

"ಇಪ್ಪತ್ತೆಂಟು ವರ್ಷ," ಎಂದ ಕೊನೆಗೆ. "ಇಪ್ಪತ್ತೆಂಟು ವರ್ಷ ಇದರ ಕೆಳಗೇ ಗಾಡಿ ನಿಲ್ಲಿಸಿ ಮಲಗಿದ್ದೇನೆ. ಇಷ್ಟೆಲ್ಲ ಉಂಟು ಅಂತ ಯಾರೂ ಹೇಳ್ಲೇ ಇಲ್ಲ ನನಗೆ." ಅವನ ಕಣ್ಣು ಒದ್ದೆಯಾಗಿತ್ತು. ಮುಚ್ಚಿಡಲೂ ಹೋಗಲಿಲ್ಲ.

ಗಂಟೆಗೊಮ್ಮೆ ಮುಸಲ್ಲಮ್ ಬರಿಗಾಲೂರಿ ತಲೆಯಾಡಿಸುತ್ತಿದ್ದ. ಇಲ್ಲ. ಇನ್ನೂ ಇಲ್ಲ. ಎರಡೂವರೆಗೆ ಟೆರೆನ್ಸ್ ತನ್ನ ಶೂ, ಕಾಲುಚೀಲ ಕಳಚಿ ತಾನೂ ನೆಲಕ್ಕೆ ಕಾಲಿಟ್ಟ. ಜಲ್ಲಿ ಚುಚ್ಚಿತು. ಆದರೆ ಚುಚ್ಚಿದ್ದು ತಣ್ಣಗಿತ್ತು. ಅವನು ಮುಸಲ್ಲಮ್‌ನ ಮುಖ ನೋಡಿದ. ಮುಸಲ್ಲಮ್ ತಲೆದೂಗಿದ.

ಥರ್ಮಲ್ ಕಣ್ಣಿಗಿಟ್ಟ.

ಬಯಲು ಕಪ್ಪಾಗಿತ್ತು. ಪೂರ್ತಿ ಕಪ್ಪು. ಆ ಕಪ್ಪಿನ ಮೇಲೆ ಜೀವಗಳು ಕಿಡಿಗಳಂತೆ ಹೊತ್ತಿಕೊಂಡಿದ್ದವು. ಅಲ್ಲೊಂದು ಇಲಿ ಪುಟಪುಟನೆ ನೆಗೆಯುತ್ತಿತ್ತು. ಒಂದು ಮೊಲ ಎರಡು ಕಿವಿ ನಿಮಿರಿಸಿ ಕೂತಿತ್ತು. ಒಂದು ನರಿ ಆ ಮೊಲವನ್ನೇ ನೋಡುತ್ತ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡಿತ್ತು. ಮರದ ಕೊಂಬೆಯಲ್ಲಿ ಹಕ್ಕಿಗಳು ಸಾಲಾಗಿ ಹಚ್ಚಿಟ್ಟ ಹಣತೆಗಳ ಹಾಗೆ ಮಿನುಗುತ್ತಿದ್ದವು. ಸತ್ತ ಬಯಲು ಎಂದುಕೊಂಡಿದ್ದ. ಇದು ಊರು! ತುಂಬಿದ ಊರು!

"ನಡೀರಿ," ಎಂದ. "ಈಗ ಕಾಣ್ತದೆ."

ಸಂಕಪ್ಪ ಗಾಡಿಯ ಹತ್ತಿರ ಉಳಿದ. ಮೂವರು ನಡೆದರು. ಗಾಳಿ ಎದುರಿನಿಂದ ಬರುತ್ತಿತ್ತು, ವಾಸನೆ ಆ ಕಡೆ ಹೋಗದು. ಶೂ ಹಾಕಿದರೆ ಜಲ್ಲಿ ಕರಕರ ಎನ್ನುತ್ತದೆ ಎಂದು ಟೆರೆನ್ಸ್ ಬರೀ ಕಾಲುಚೀಲದಲ್ಲೇ ನಡೆದ. ಜಲ್ಲಿ ಕೊಯ್ದು ಕಾಲು ಹೆಚ್ಚಿದ ಮೀನಿನಂತೆ ಆಗಿದ್ದರೂ ನಿಲ್ಲಲಿಲ್ಲ.

ತಗ್ಗಿನ ಅಂಚಿನಲ್ಲಿ, ಮುಳ್ಳುಮರದ ಬುಡದಲ್ಲಿ, ಒಂದು ಉದ್ದನೆಯ ಮಸುಕು ಬೆಳಕು. ಪ್ರಾಣಿಯಲ್ಲ. ನೆಲಕ್ಕೆ ಅಂಟಿದ ಬರೀ ಬೆಳಕು.

"ಅಲ್ಲಿ ಎಂತದೋ ಉಂಟು. ಆದ್ರೆ ಎಂತದೂ ಇಲ್ಲ," ಎಂದು ಪಿಸುಗುಟ್ಟಿದ.

ಮುಸಲ್ಲಮ್ ಮುಂದೆ ಹೋಗಿ ಬಗ್ಗಿದ. ಗೊರಸಿನಿಂದ ಕೆರೆದು ಮಾಡಿದ ಗುಂಡಿ. ಅಂಗೈಯನ್ನು ಅದರ ಮೇಲಿಟ್ಟ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಎದ್ದು ಎರಡು ಬೆರಳು ತೋರಿಸಿದ. ಎರಡು ಪ್ರಾಣಿ. ಈಗಷ್ಟೇ ಎದ್ದು ಹೋಗಿವೆ. ಯಂತ್ರಕ್ಕೆ ಕಂಡದ್ದೂ ಅವನ ಕೈಗೆ ಸಿಕ್ಕಿದ್ದೂ ಒಂದೇ.

ನೂರು ಹೆಜ್ಜೆ. ಇನ್ನೊಂದು ಬೆಚ್ಚಗಿನ ಗುಂಡಿ. ಐವತ್ತು ಹೆಜ್ಜೆ.

ಮುಸಲ್ಲಮ್ ಕೈಯೆತ್ತಿದ. ಮೂವರೂ ನೆಲಕ್ಕೆ ಒರಗಿದರು.

ಎರಡು ಓರಿಕ್ಸ್ ಅಕ್ಕಪಕ್ಕ ನಿಂತಿದ್ದವು. ಎರಡೂ ಬೆಳಗುತ್ತಿದ್ದವು. ನಾಲ್ಕು ಕೊಂಬುಗಳು ಮಾತ್ರ ತಣ್ಣಗೆ, ಕಪ್ಪಗೆ. ಎಡಬಿಡದೆ ಹುಡುಕಿದ್ದು ಕೊನೆಗೂ ಕಣ್ಣಮುಂದೆ ನಿಂತಾಗ ಟೆರೆನ್ಸ್‌ಗೆ ಉಸಿರಾಡುವುದೇ ತಪ್ಪು ಎನ್ನಿಸಿತು.

ಯಶ್ಮಿತಾ ಬಂದೂಕು ಹೆಗಲಿಗಿಟ್ಟು ನೈಟ್ ವಿಷನ್ನಿನಲ್ಲಿ ನೋಡಿದಳು.

"ಯಾವುದು?" ಪಿಸುಮಾತು. "ಎರಡಕ್ಕೂ ಮೂತಿ ಮೇಲೆ ಹುಟ್ಟಾ ಕಪ್ಪು ಮಚ್ಚೆ ಉಂಟು. ಪಟ್ಟಿಯೂ ಕಪ್ಪು. ನನಗೆ ಗೊತ್ತಾಗುದಿಲ್ಲ. ನೀವು ಹೇಳಿ."

ಥರ್ಮಲ್‌ನಲ್ಲಿ ಬಣ್ಣವಿಲ್ಲ, ಮಚ್ಚೆಯಿಲ್ಲ. ಬಿಸಿ ಮೂತಿಯ ಮೇಲೆ ತಣ್ಣಗಿನ ಪ್ಲಾಸ್ಟಿಕ್ ಇದ್ದರೆ ಗೆರೆ ಎಳೆದ ಹಾಗೆ ಕಾಣಬೇಕು. ಟೆರೆನ್ಸ್ ನೋಡಿದ. ಎರಡೂ ಆ ಕಡೆ ಮುಖ ಮಾಡಿದ್ದವು. ಎಡಗಡೆಯದ್ದರ ತಲೆ ಸ್ವಲ್ಪ ತಗ್ಗಿತ್ತು. ಅದೇ ಇರಬೇಕು. ಅಲ್ವಾ? ಇರಬೇಕು.

"ಬೇಗ ಹೇಳಿ. ಮಂಜು ಬರ್ತಾ ಉಂಟು."

ಬರುತ್ತಿತ್ತು. ತಗ್ಗಿನ ಆಚೆ ಕಡೆ ನಕ್ಷತ್ರಗಳು ಒಂದೊಂದಾಗಿ ಮುಳುಗುತ್ತಿದ್ದವು.

"ಇರಬೇಕು" ಎನ್ನುವುದನ್ನು "ಇದೆ" ಎಂದು ಹೇಳಿ ಹದಿನೇಳು ವರ್ಷ ಬದುಕಿದವನು ಅವನು. ನಾಲಿಗೆಯ ತುದಿಗೆ ಬಂತು. ಸೂಜಿ ಒಂದೇ.

"ನನಗೆ ಗೊತ್ತಿಲ್ಲ, ಡಾಕ್ಟ್ರೇ," ಎಂದ.

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ ಈಗ!"

"ಅಲ್ಲ. ನಿಜವಾಗಿಯೂ ಗೊತ್ತಿಲ್ಲ. ತಿರುಗಲಿ. ಕಾಯುವ."

ಯಶ್ಮಿತಾ ಬೆರಳು ಸಡಿಲಿಸಿದಳು. ಒಂದು ನಿಮಿಷ. ಮಂಜಿನ ಮೊದಲ ಎಳೆ ಕೆನ್ನೆಗೆ ತಾಗಿತು. ಥರ್ಮಲ್‌ನಲ್ಲಿ ಅಂಚುಗಳು ಮಸುಕಾಗತೊಡಗಿದವು. ಎರಡು ನಿಮಿಷ. ಎಡಗಡೆಯದ್ದು ತಲೆಯೆತ್ತಿ, ತಿರುಗಿ, ಬಾಯಗಲಿಸಿ ತನ್ನ ಮೂಗು ನೆಕ್ಕಿಕೊಂಡಿತು.

ಇದಲ್ಲ! ಇದು ಜೊತೆಗಾರ!

ಬಲಗಡೆಯದ್ದು ಮಂಜಿನ ಗಾಳಿಗೆ ಮೂತಿಯೆತ್ತಿತು. ಬೆಳಗುವ ಮೂತಿಗೆ ಅಡ್ಡವಾಗಿ ಒಂದು ಕಪ್ಪು ಗೆರೆ. ಅಚ್ಚುಕಟ್ಟಾದ, ತಣ್ಣಗಿನ ಗೆರೆ.

"ಬಲಗಡೆಯದ್ದು. ಖಂಡಿತ. ನನ್ನ ಕಣ್ಣಾರೆ ಕಂಡೆ."

ಅವಳು ಬಂದೂಕಿನ ಕುದುರೆ ಒತ್ತಿದಳು. ಠಪ್ ಎಂದಿತು.

ಪ್ರಾಣಿ ಚಿಮ್ಮಿತು. ಎರಡೂ ಓಡಿದವು, ಮಂಜಿನೊಳಗೆ ಹೋದವು, ಮಾಯವಾದವು.

"ಓಡಿ!" ಯಶ್ಮಿತಾ ಆಗಲೇ ಎದ್ದಿದ್ದಳು. "ಕುತ್ತಿಗೆ ಮಡಚಿ ಬಿದ್ರೆ ಉಸಿರು ಕಟ್ತದೆ! ಹತ್ತು ನಿಮಿಷದೊಳಗೆ ಸಿಗ್ಬೇಕು!"

ಮಂಜು ಒಮ್ಮೆಲೇ ಮುಚ್ಚಿಕೊಂಡಿತು. ಥರ್ಮಲ್: ಬೂದಿ. ನೈಟ್ ವಿಷನ್: ಹಾಲು. ಮುಸಲ್ಲಮ್ ಟಾರ್ಚನ್ನು ಪಾದದ ಮಟ್ಟದಲ್ಲಿ ಅಡ್ಡ ಹಿಡಿದ. ಅಡ್ಡ ಬೆಳಕಿಗೆ ಗೊರಸಿನ ಗುರುತುಗಳ ನೆರಳೆದ್ದಿತು. ಅವನು ಓಡಿದ. ಅವನ ಬೆನ್ನು ತಪ್ಪಿದರೆ ಕಳೆದುಹೋದೆವು ಎಂದು ಇವರಿಬ್ಬರೂ ಓಡಿದರು. ಟೆರೆನ್ಸ್ ಬಿದ್ದ. ಮೊಣಕಾಲು ಕಿತ್ತುಹೋಯಿತು. ಎದ್ದ. ಎಂಟು ನಿಮಿಷ. ಗುರುತು ಬಂಡೆಯ ಮೇಲೆ ಹತ್ತಿ ಮುಗಿದೇ ಹೋಯಿತು.

"ಮಾಫಿ," ಎಂದ ಮುಸಲ್ಲಮ್. ಇಲ್ಲ.

ಮೂವರೂ ಉಸಿರು ಬಿಗಿಹಿಡಿದು ನಿಂತರು. ಎಲ್ಲೋ ಮುಂದೆ, ಕಲ್ಲಿಗೆ ಗೊರಸು ತಾಗಿದ ಸದ್ದು. ಟಕ್. ಮತ್ತೆ ಟಕ್.

ಆ ಕಡೆ ಹತ್ತು ಹೆಜ್ಜೆ ಇಟ್ಟರು. ಮಂಜಿನೊಳಗಿಂದ ಎರಡು ಕೊಂಬು ಎದ್ದು ಬಂದವು. ಜೊತೆಗಾರ ಓಡಿಹೋಗಿರಲಿಲ್ಲ. ಬಿದ್ದವಳ ತಲೆಯ ಹತ್ತಿರ ನಿಂತು, ಕಾಲಿನಿಂದ ನೆಲ ಕುಟ್ಟುತ್ತಿತ್ತು. ಒಂದು ಸಲ ಕೊಂಬು ತಗ್ಗಿಸಿ ಮನುಷ್ಯರನ್ನು ನೋಡಿತು. ಆ ಕೊಂಬಿಗೆ ಸಿಂಹವೂ ಹೆದರಬೇಕು. ಯಾರೂ ಕದಲಲಿಲ್ಲ. ಮುಸಲ್ಲಮ್ ಸಣ್ಣ ದನಿಯಲ್ಲಿ ಏನೋ ಹೇಳಿದ. ಅದು ಒಂದು ಹೆಜ್ಜೆ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ. ಅಲ್ಲೇ ನಿಂತುಕೊಂಡಿತು.

ಯಶ್ಮಿತಾ ಮೊಣಕಾಲೂರಿ ಬಿದ್ದವಳ ಕುತ್ತಿಗೆ ನೇರ ಮಾಡಿದಳು. ಕಣ್ಣಿಗೆ ಬಟ್ಟೆ ಕಟ್ಟಿದಳು. "ಉಸಿರು ಉಂಟು. ತಲೆ ಹಿಡೀರಿ, ಟೆರೆನ್ಸ್. ಎತ್ತಿ ಹಿಡೀರಿ."

ಅವನು ಆ ತಲೆಯನ್ನು ತೊಡೆಯ ಮೇಲಿಟ್ಟು ಹಿಡಿದ. ಬಿಸಿ ಉಸಿರು ಕೈಗೆ ತಾಗುತ್ತಿತ್ತು. ಪಟ್ಟಿ ಚರ್ಮದೊಳಗೆ ಇಳಿದಿತ್ತು. ಯಶ್ಮಿತಾ ಕತ್ತರಿಯ ಮೊಂಡು ತುದಿಯನ್ನು ಅದರಡಿ ತೂರಿಸಿ ಒತ್ತಿದಳು. ಪಟ್ ಎಂದು ಪಟ್ಟಿ ತುಂಡಾಯಿತು. ಗಾಯ ತೊಳೆದು, ಮುಲಾಮು ಹಚ್ಚಿ, ಚರ್ಮದಡಿಗೆ ಒಂದು ಬಾಟಲಿ ದ್ರವ ಹರಿಸಿ, ಎಚ್ಚರವಾಗುವ ಮದ್ದು ಚುಚ್ಚಿದಳು.

"ಈಗ ಬಿಡಿ. ದೂರ ಬನ್ನಿ."

ಎರಡು ನಿಮಿಷಕ್ಕೆ ಬಿದ್ದಿದ್ದವಳು ಕಾಲು ಮಡಚಿದಳು. ಎದ್ದಳು. ತೂರಾಡಿ ನಿಂತಳು. ಮಂಜಿನಲ್ಲಿ ನೆಂದ ಒಂದು ಮುಳ್ಳುಗಿಡದ ಹತ್ತಿರ ನಡೆದು ಮೂತಿ ಚಾಚಿದಳು. ಬಾಯಿ ತೆರೆಯಿತು. ಬಾಯಿ ತೆರೆಯುತ್ತದೆ ಎಂದು ತನಗೇ ನಂಬಿಕೆಯಿಲ್ಲದ ಹಾಗೆ ಒಂದು ಕ್ಷಣ ತಡೆದು, ಎಲೆಯ ಮೇಲಿನ ಹನಿಗಳನ್ನು ಒಂದೊಂದಾಗಿ ನೆಕ್ಕತೊಡಗಿದಳು.

ಟೆರೆನ್ಸ್ ಅತ್ತ. ಯಶ್ಮಿತಾ ಮುಖ ಆಚೆ ತಿರುಗಿಸಿಕೊಂಡಳು, ಅವಳದೂ ಅದೇ ಸ್ಥಿತಿ. ಮುಸಲ್ಲಮ್ ಮಾತ್ರ ಎರಡೂ ಕೈಯೆತ್ತಿ ಮುಖಕ್ಕೆ ಸವರಿಕೊಂಡ.

ಬೆಳಗಾದಾಗ ಗಾಡಿಯ ಹತ್ತಿರ ಸಂಕಪ್ಪ ಸ್ಟೌವಿನಲ್ಲಿ ಚಹಾ ಮಾಡಿಟ್ಟಿದ್ದ. ಟೆರೆನ್ಸ್‌ನ ಹರಿದ ಕಾಲುಚೀಲ ನೋಡಿ, "ಎಂತ ಪೊರ್ಬುಗಳೇ, ಈ ಸಲ ಯಾರು ಉಗುಳಿದ್ದು?" ಎಂದ. ಎಲ್ಲರೂ ನಕ್ಕರು. ಯಶ್ಮಿತಾ ತುಂಡಾದ ಪಟ್ಟಿಯನ್ನು ಟೆರೆನ್ಸ್‌ನ ಕೈಗಿಟ್ಟಳು.

"ಇಟ್ಕೊಳ್ಳಿ. ಆಗ 'ಗೊತ್ತಿಲ್ಲ' ಅಂದ್ರಲ್ಲ, ಅದಕ್ಕೆ."

ಮೂರು ವಾರ ಕಳೆದವು. ಅಲ್ ಅಜೈಬಾದ ಅಂಗಡಿಗೆ ಸಂಜೆ ಒಬ್ಬ ಗಿರಾಕಿ ಬಂದ. ನಿಜ್ವಾ ಕಡೆಯ ತೋಟದವನು. ರಾತ್ರಿ ಮೇಕೆ ಹಟ್ಟಿಗೆ ನರಿ ಬರುತ್ತದೆ, ಕಾವಲಿಗೆ ಯಾವುದು ಒಳ್ಳೆಯದು, ನೈಟ್ ವಿಷನ್ನೋ ಥರ್ಮಲ್ಲೋ ಎಂದು ಕೇಳಿದ.

ಟೆರೆನ್ಸ್ ಎರಡನ್ನೂ ಬಟ್ಟೆಚೀಲಕ್ಕೆ ಹಾಕಿ, ಬಾಗಿಲು ತೆರೆದು, ಹೊರಗಿನ ಹಿಡಿಕೆಗೆ ತೂಗುಹಾಕಿದ. ಬಾಗಿಲು ತೆರೆದೇ ಬಿಟ್ಟ. ಜೂನ್ ತಿಂಗಳ ಬಿಸಿ ಗಾಳಿ ಒ‍ಳಗೆ ನುಗ್ಗಿತು.

"ಟೆರೆನ್ಸ್! ಬಾಗಿಲು ಹಾಕು ಮಾರಾಯ, ತಂಪೆಲ್ಲ ಹೋಗ್ತದೆ!" ಎಂದು ಒಳಗಿಂದ ಆಸ್ವಾಲ್ಡ್ ಕೂಗಿದ.

"ಹೋಗ್ಲಿ ಸರ್," ಎಂದ ಟೆರೆನ್ಸ್. ಗಿರಾಕಿಯ ಕಡೆ ತಿರುಗಿ, "ಯಾವುದು ಒಳ್ಳೇದು ಅಂತ ನನಗೆ ಇನ್ನೂ ಗೊತ್ತಿಲ್ಲ," ಎಂದ. "ಬನ್ನಿ, ಹೊರಗೆ ನಿಂತು ನೋಡುವ."